ಮಾರಿಕುಪ್ಪಂ: ಸ್ಟೇಷನ್ ಉಳೀತು, ಗಣಿ ಮುಚ್ಚಿತು

ಮುಚ್ಚಿದ ರೈಲ್ವೆ ಸ್ಟೇಷನ್‌ಗಳ ಚಂದದ ಫೋಟೋ ಎಲ್ರೂ ಹಾಕ್ತಾರೆ. ನಾನು ಹೇಳೋದು ಮುಚ್ಚದ ಸ್ಟೇಷನ್ ಕಥೆ, ನಮ್ಮ ಕೆಜಿಎಫ್‌ನ ಮಾರಿಕುಪ್ಪಂದು.

ಆಗ ಬೌರಿಂಗ್‌ಪೇಟೆ ಅಂತಿದ್ದ ಬಂಗಾರಪೇಟೆಯಿಂದ ಇಲ್ಲಿಗೆ ಸುಮಾರು ಹತ್ತು ಮೈಲಿ ಹಳಿ ಬಂದದ್ದು 1894ರಲ್ಲಿ. ಜಾನ್ ಟೇಲರ್ ಕಂಪನಿಯ ಗಣಿಗಳಿಗೆ ಕಲ್ಲಿದ್ದಲು, ಯಂತ್ರ ಬೇಕಿತ್ತು. ಆಳುಗಳೂ ಬೇಕಿತ್ತು. ಉತ್ತರ ಆರ್ಕಾಟ್ ಕಡೆಯಿಂದ ನಮ್ಮ ಜನ ಬಂದ್ರು, ನಮ್ಮಜ್ಜನೂ ಬಂದ. ಊರಿನ ಜೀತಕ್ಕಿಂತ ಭೂಮಿಯೊಳಗಿನ ಕತ್ತಲೇ ವಾಸಿ ಅಂತ. ಚಿನ್ನ ತೆಗೆದವರಿಗೆ ಸಿಕ್ಕಿದ್ದು ತಟ್ಟಿ ಗುಡಿಸಲು, ಎದೆ ತುಂಬ ಕಲ್ಲಿನ ಧೂಳು. ಬರೀ ಸಹಿಸಿಕೊಂಡೇ ಇರಲಿಲ್ಲ ಮತ್ತೆ: 1930ರಲ್ಲಿ ಎಲ್ಲರೂ ಬೆರಳಚ್ಚು ಕೊಡಬೇಕು ಅಂದಾಗ ಸಾವಿರಾರು ಜನ ಗಣಿಗೆ ಇಳಿಯೋದನ್ನೇ ನಿಲ್ಲಿಸಿದ್ರು.

2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ಅಂದಿನಿಂದ ಹಳಿ ಉಲ್ಟಾ ಕೆಲಸ ಮಾಡ್ತಿದೆ. ಕೂಲಿಗೆ ಜನರನ್ನ ಕರೆತಂದದ್ದೇ ಈಗ ನಸುಕಿಗೇ ಬೆಂಗಳೂರಿಗೆ ಹೊತ್ತೊಯ್ಯುತ್ತೆ: ಗಾರೆಯವರು, ಸೆಕ್ಯುರಿಟಿಯವರು, ಹೌಸ್‌ಕೀಪಿಂಗ್ ಹೆಣ್ಣುಮಕ್ಕಳು, ನನ್ನಂಥ ಗುಮಾಸ್ತರು. ದಾರಿಯಲ್ಲಿ ಚಾಂಪಿಯನ್, ಊರಿಗಾಂ, ಕೋರಮಂಡಲ್. ಮೂರೂ ಗಣಿಗಳ ಹೆಸರೇ, ಈಗ ಬೋರ್ಡಿನ ಮೇಲೆ ಮಾತ್ರ. ಕೋರಮಂಡಲ್‌ನಲ್ಲಿ ಹತ್ತೋರಿಗೆ ಸೀಟು ಸಿಗಲ್ಲ, ಬೆಂಗಳೂರಿನ ತನಕ ನಿಂತೇ ಬರ್ತಾರೆ.