ಯಾರು ಯಾರನ್ನು ನುಂಗಿದರು? 1937ರ ಒಂದು ವಿಲೀನದ ಲೆಕ್ಕ

ಈ ವಾರ ಒಂದು ವಿಲೀನದ ಕಥೆ. ಕಂಪನಿಗಳದ್ದಲ್ಲ, ಬ್ಯಾಂಕುಗಳದ್ದೂ ಅಲ್ಲ. ಜನರ ಪರವಾಗಿ ಮಾತಾಡ್ತೀವಿ ಅಂತ ಹುಟ್ಟಿಕೊಂಡ ಸಂಘಟನೆಗಳದ್ದು.

ರೇಸ್ ಕುದುರೆ ಮಾಲೀಕರ ಸಂಘ ಇರಲಿ, ಬ್ಯಾಂಕ್ ನೌಕರರ ಯೂನಿಯನ್ ಇರಲಿ, ಅಪಾರ್ಟ್‌ಮೆಂಟ್ ಅಸೋಸಿಯೇಷನ್ ಇರಲಿ, ಈ ಜಗಳ ಎಲ್ಲ ಕಡೆ ಒಂದೇ. ಒಬ್ಬರು ಎದ್ದು ನಿಂತು, "ಹೀಗೆ ಬೇರೆ ಬೇರೆ ಇದ್ದರೆ ನಮ್ಮನ್ನ ಯಾರೂ ಕೇಳಲ್ಲ, ಒಂದಾಗೋಣ" ಅಂತಾರೆ. ಇನ್ನೊಬ್ಬರು, "ಒಂದಾದ ಮೇಲೆ ನಮ್ಮ ಮಾತು ಯಾರು ಕೇಳ್ತಾರೆ?" ಅಂತಾರೆ. ಇಬ್ಬರ ಮಾತೂ ಸರಿಯೇ. ಆ ಎರಡನ್ನೂ ಒಟ್ಟಿಗೆ ನೋಡೋಕೆ ನಮ್ಮ ಹಳೇ ಮೈಸೂರು ಸಂಸ್ಥಾನಕ್ಕಿಂತ ಒಳ್ಳೇ ಉದಾಹರಣೆ ನನಗೆ ಸಿಕ್ಕಿಲ್ಲ.

ಬಿ.ಕಾಂ ಓದಿದವರಿಗೆ ಅಕೌಂಟಿಂಗ್ ಸ್ಟ್ಯಾಂಡರ್ಡ್ 14 ನೆನಪಿರಬಹುದು. ಎರಡು ಕಂಪನಿ ಸೇರೋದರಲ್ಲಿ ಎರಡು ಬಗೆ ಅಂತ ಅದು ಹೇಳುತ್ತೆ. ಮೊದಲನೆಯದು ನಿಜವಾದ ಮರ್ಜರ್: ಸೇರಿಕೊಂಡ ಕಂಪನಿಯ ಆಸ್ತಿ, ಸಾಲ ಎಲ್ಲವೂ ಹೊಸ ಮನೆಗೆ ಬರಬೇಕು, ಹೆಚ್ಚುಕಮ್ಮಿ ಎಲ್ಲ ಷೇರುದಾರರೂ ಅಲ್ಲಿಯೂ ಷೇರುದಾರರಾಗಬೇಕು, ಅದರ ವ್ಯವಹಾರವೂ ಮುಂದುವರಿಯಬೇಕು. ಇದಾಗದಿದ್ದರೆ ಎರಡನೆಯದು, ಅಂದ್ರೆ ಖರೀದಿ. ಹೊರಗಿನಿಂದ ನೋಡಿದರೆ ಎರಡೂ ಒಂದೇ ಥರ ಕಾಣುತ್ತವೆ. ವ್ಯತ್ಯಾಸ ಗೊತ್ತಾಗೋದು ಲೆಡ್ಜರ್ ತೆಗೆದಾಗ. ಇವತ್ತು 1937ರ ಲೆಡ್ಜರ್ ತೆಗೆಯೋಣ.

ಮೊದಲು ಊರಿನ ಚಿತ್ರ. 1881ರಲ್ಲಿ ದಿವಾನ್ ರಂಗಾಚಾರ್ಲು ಪ್ರಜಾಪ್ರತಿನಿಧಿ ಸಭೆ ಶುರು ಮಾಡಿದರು. ಮೊದಲ ಸಭೆಗೆ ಬಂದವರು 144 ಜನ. ದೇಶೀಯ ಸಂಸ್ಥಾನಗಳಲ್ಲಿ ಅದು ದೊಡ್ಡ ಹೆಜ್ಜೆಯೇ. ಆದರೆ ಅಲ್ಲಿ ಅಹವಾಲು ಹೇಳಬಹುದಿತ್ತು ಅಷ್ಟೇ, ದಿವಾನರನ್ನ ಇಳಿಸೋಕೆ ಆಗ್ತಿರಲಿಲ್ಲ. ನಿಜವಾದ ಅಧಿಕಾರ ಇದ್ದದ್ದು ಕಚೇರಿಗಳಲ್ಲಿ. ಜನಸಂಖ್ಯೆಯಲ್ಲಿ ನೂರಕ್ಕೆ ನಾಲ್ಕರ ಆಸುಪಾಸಿನಲ್ಲಿದ್ದ ಬ್ರಾಹ್ಮಣರ ಕೈಯಲ್ಲೇ ಅಲ್ಲಿನ ಗೆಜೆಟೆಡ್ ಹುದ್ದೆಗಳ ಬಹುಪಾಲು ಇತ್ತು. 1892ರಲ್ಲಿ ಚಾಮರಾಜಪೇಟೆ, 1898ರ ಪ್ಲೇಗಿನ ನಂತರ ಬಸವನಗುಡಿ, ಮಲ್ಲೇಶ್ವರ ಬೆಳೆದವಲ್ಲ, ಆ ಬಡಾವಣೆಗಳಲ್ಲಿ ನೆಲೆನಿಂತ ಮೇಷ್ಟರು, ವಕೀಲರು, ಗುಮಾಸ್ತರು, ಅಮಲ್ದಾರರ ಲೋಕ ಈ ಆಡಳಿತದ ನೆರಳಲ್ಲೇ ಬೆಳೆದದ್ದು.

ಹೊರಗುಳಿದವರು ಮೊದಲು ತಮ್ಮ ತಮ್ಮ ಸಂಘ ಕಟ್ಟಿಕೊಂಡರು. 1905ರಲ್ಲಿ ಲಿಂಗಾಯತರ ವಿದ್ಯಾಭಿವೃದ್ಧಿ ನಿಧಿಯ ಸಂಸ್ಥೆ, 1906ರಲ್ಲಿ ಒಕ್ಕಲಿಗರ ಸಂಘ, 1909ರಲ್ಲಿ ಮುಸ್ಲಿಮರ ಸೆಂಟ್ರಲ್ ಅಸೋಸಿಯೇಷನ್. ಹಾಸ್ಟೆಲ್, ಸ್ಕಾಲರ್‌ಶಿಪ್, ಪತ್ರಿಕೆ, ಇವೇ ಇಂಥ ಸಂಘಗಳ ಕೆಲಸ. ಆದರೆ ಅರಮನೆ ಬಾಗಿಲಿಗೆ ಒಬ್ಬೊಬ್ಬರೇ ಹೋದರೆ ಸಿಗೋದು ಒಂದೊಂದು ಹಾಸ್ಟೆಲ್ ಮಾತ್ರ ಅನ್ನೋದು ಹತ್ತು ವರ್ಷದಲ್ಲಿ ಅರ್ಥವಾಯಿತು.

ಹಾಗೆ 1917ರಲ್ಲಿ ಪ್ರಜಾಮಿತ್ರ ಮಂಡಳಿ ಹುಟ್ಟಿತು. ಲಿಂಗಾಯತರು, ಒಕ್ಕಲಿಗರು, ಮುಸ್ಲಿಮರು, ಇತರ ಬ್ರಾಹ್ಮಣೇತರರು ಒಂದೇ ಛತ್ರಿ ಕೆಳಗೆ ಬಂದರು. ಮಹಾರಾಜ ಕಾಲೇಜಿನ ಸಿ.ಆರ್. ರೆಡ್ಡಿ, ಎಂ. ಬಸವಯ್ಯ ಮುಂತಾದವರು ಮುಂದೆ ನಿಂತರು. ಗಮನಿಸಿ, ಇಲ್ಲಿ ಯಾವ ಸಂಘವೂ ತನ್ನ ಬಾಗಿಲು ಮುಚ್ಚಲಿಲ್ಲ. ಒಕ್ಕಲಿಗರ ಸಂಘ ಒಕ್ಕಲಿಗರ ಸಂಘವಾಗಿಯೇ ಇತ್ತು. ನಾಲ್ವಡಿ ಕೃಷ್ಣರಾಜ ಒಡೆಯರ ಮುಂದೆ ಮನವಿ ಇಡೋಕೆ ಮಾತ್ರ ಒಂದೇ ದನಿ.

ಫಲ ಬೇಗ ಸಿಕ್ಕಿತು. 1918ರಲ್ಲಿ ಮಹಾರಾಜರು ಚೀಫ್ ಕೋರ್ಟಿನ ಮುಖ್ಯ ನ್ಯಾಯಾಧೀಶ ಸರ್ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ಸಮಿತಿ ಮಾಡಿದರು. ಏಳು ವರ್ಷದೊಳಗೆ ಮೇಲಿನ ಹುದ್ದೆಗಳಲ್ಲಿ ಅರ್ಧಕ್ಕೆ ಕಡಿಮೆ ಇಲ್ಲದಂತೆ, ಕೆಳಗಿನವುಗಳಲ್ಲಿ ಮೂರನೇ ಎರಡರಷ್ಟು ಹಿಂದುಳಿದ ಸಮುದಾಯಗಳಿಗೆ ಸಿಗಬೇಕು ಅಂತ 1919ರಲ್ಲಿ ಅದರ ವರದಿ ಬಂತು. ಪ್ರತಿಭೆಗೇ ಮಾನದಂಡ ಅನ್ನುತ್ತಿದ್ದ ವಿಶ್ವೇಶ್ವರಯ್ಯನವರು ಅಷ್ಟರಲ್ಲಿ ದಿವಾನಗಿರಿ ಬಿಟ್ಟಿದ್ದರು. ಎಂ. ಕಾಂತರಾಜ ಅರಸರು ದಿವಾನರಾದರು. ಇವತ್ತಿನ ಮೀಸಲಾತಿ ಚರ್ಚೆಯ ಬೇರು ಇಲ್ಲಿದೆ.

ಆದರೆ ಒಂದು ಬೇಡಿಕೆಗೋಸ್ಕರ ಸೇರಿದ ಗುಂಪಿಗೆ ಆ ಬೇಡಿಕೆ ಈಡೇರಿದ ಮೇಲೆ ಏನು ಕೆಲಸ? ಮಂಡಳಿಯ ಹುರುಪು ಇಳಿಯತೊಡಗಿತು. ಬಿರುಕು ಬಂದದ್ದು ಎಲ್ಲಿಂದ ಅಂತೀರಿ? ನಮ್ಮ ಪೇಟೆಯಿಂದಲೇ. ಚಾಮರಾಜಪೇಟೆಯಿಂದ ನಡೆದೇ ಹೋಗಬಹುದಾದ ಸುಲ್ತಾನ್‌ಪೇಟೆಯಲ್ಲಿ, 1928ರಲ್ಲಿ, ಶಾಲೆಯೊಂದರ ಬಳಿಯ ಗಣಪತಿ ವಿಗ್ರಹದ ವಿಚಾರಕ್ಕೆ ಹಿಂದೂ ಮುಸ್ಲಿಂ ಗಲಭೆ ಆಯಿತು. ವಿಚಾರಣಾ ಸಮಿತಿಗೆ ವಿಶ್ವೇಶ್ವರಯ್ಯನವರೇ ಅಧ್ಯಕ್ಷರು. ದಿವಾನ್ ಮಿರ್ಜಾ ಇಸ್ಮಾಯಿಲ್ ಅವರ ಮೇಲೆ ಟೀಕೆಗಳ ಸುರಿಮಳೆ. ಹತ್ತು ವರ್ಷ ಒಟ್ಟಿಗೆ ಕೂತಿದ್ದ ಬ್ರಾಹ್ಮಣೇತರ ಹಿಂದೂ ಮತ್ತು ಮುಸ್ಲಿಂ ಮುಖಂಡರ ನಡುವೆ ಮೊದಲಿನ ನಂಬಿಕೆ ಉಳಿಯಲಿಲ್ಲ.

1930ರ ಹೊತ್ತಿಗೆ ಹೊಸ ತಲೆಮಾರು ಪ್ರಜಾಪಕ್ಷ ಕಟ್ಟಿತು. ಕೋಲಾರ ಜಿಲ್ಲೆಯ ಕ್ಯಾಸಂಬಳ್ಳಿಯ ವಕೀಲ ಕೆ. ಚೆಂಗಲರಾಯ ರೆಡ್ಡಿ ಅದರಲ್ಲಿ ಪ್ರಮುಖರು. ಇವರ ಮಾತು ಬರೀ ಸರ್ಕಾರಿ ಕೆಲಸದ್ದಲ್ಲ. ರೈತರ ಕಷ್ಟ, ಜೊತೆಗೆ ಜವಾಬ್ದಾರಿ ಸರ್ಕಾರ, ಅಂದ್ರೆ ಜನ ಆರಿಸಿದವರಿಗೆ ಉತ್ತರ ಹೇಳುವ ಸರ್ಕಾರ. 1930ರ ದಶಕದ ಮಧ್ಯದಲ್ಲಿ ಹಳೇ ಮಂಡಳಿ, ಹೊಸ ಪಕ್ಷ ಎರಡೂ ಸೇರಿ ಪ್ರಜಾ ಸಂಯುಕ್ತ ಪಕ್ಷ ಆಯಿತು. ಅದು ಎರಡನೇ ಜೋಡಣೆ.

ಮೂರನೆಯದೇ ದೊಡ್ಡದು. ಸಂಯುಕ್ತ ಪಕ್ಷಕ್ಕೆ ಹಳ್ಳಿಗಳಲ್ಲಿ ಬೇರಿತ್ತು, ಪ್ರತಿನಿಧಿ ಸಭೆಯಲ್ಲಿ ಸದಸ್ಯರಿದ್ದರು. ಮೈಸೂರು ಕಾಂಗ್ರೆಸ್ಸಿಗೆ ಅದು ಕಡಿಮೆ. ಪಟ್ಟಣದ ವಕೀಲರ, ಬ್ರಾಹ್ಮಣರ ಪಕ್ಷ ಅನ್ನೋ ಹೆಸರು ಅದಕ್ಕೆ ಅಂಟಿಕೊಂಡಿತ್ತು. ಆದರೆ ಅದರ ಹಿಂದೆ ಗಾಂಧೀಜಿ ಇದ್ದರು, ಇಡೀ ದೇಶ ಇತ್ತು. 1937ರಲ್ಲಿ ಪಕ್ಕದ ಮದರಾಸು, ಮುಂಬೈ ಪ್ರಾಂತ್ಯಗಳಲ್ಲಿ ಕಾಂಗ್ರೆಸ್ ಮಂತ್ರಿಮಂಡಲಗಳೇ ಬಂದವು. ಗಡಿ ಆಚೆ ಚುನಾಯಿತ ಮಂತ್ರಿಗಳು, ಈಚೆ ಇನ್ನೂ ದಿವಾನರ ದರ್ಬಾರು.

ನಮ್ಮ ಅಕೌಂಟಿಂಗ್ ಭಾಷೆಯಲ್ಲಿ, ಒಬ್ಬರ ಹತ್ತಿರ ಗಿರಾಕಿಗಳಿದ್ದರು, ಇನ್ನೊಬ್ಬರ ಹತ್ತಿರ ಗುಡ್‌ವಿಲ್ ಇತ್ತು. ಅನುಮಾನ ಮಾತ್ರ ಎರಡೂ ಕಡೆ. ಸಂಯುಕ್ತ ಪಕ್ಷದವರ ಅಳುಕು: ಯಾರ ಹಿಡಿತದ ವಿರುದ್ಧ ಇಪ್ಪತ್ತು ವರ್ಷ ಹೋರಾಡಿದೆವೋ ಅವರ ಮನೆಗೇ ಬಾಡಿಗೆಗೆ ಹೋದಂತಾಗುತ್ತಾ? ಮಿಲ್ಲರ್ ವರದಿಯಿಂದ ಸಿಕ್ಕಿದ್ದನ್ನ ನಾಳೆ ಯಾರು ಕಾಯ್ತಾರೆ? ಹಳೇ ಕಾಂಗ್ರೆಸ್ಸಿಗರ ಅಳುಕು: ಜಾತಿ ಲೆಕ್ಕದ ರಾಜಕಾರಣ ಒಳಗೆ ಬರುತ್ತೆ, ಜೈಲಿಗೆ ಹೋಗೋಕೆ ಸಿದ್ಧರಿದ್ದ ನಾವು ನಮ್ಮ ಮನೆಯಲ್ಲೇ ಅಲ್ಪಸಂಖ್ಯಾತರಾಗ್ತೀವಿ.

1937ರಲ್ಲಿ ಸಂಯುಕ್ತ ಪಕ್ಷ ಕಾಂಗ್ರೆಸ್ಸಿನಲ್ಲಿ ವಿಲೀನವಾಯಿತು. ಹೆಸರು ಹೋಯಿತು, ಬಾವುಟ ಬಂತು.

ಕಾಗದದ ಮೇಲೆ ಇದು ಕಾಂಗ್ರೆಸ್ ಮಾಡಿದ ಖರೀದಿ. ಆದರೆ ಮುಂದಿನದು ನೋಡಿ. ಆರೇ ತಿಂಗಳಲ್ಲಿ, 1938ರ ಏಪ್ರಿಲ್‌ನಲ್ಲಿ, ಮದ್ದೂರು ಹತ್ತಿರದ ಶಿವಪುರದಲ್ಲಿ ಟಿ. ಸಿದ್ದಲಿಂಗಯ್ಯನವರ ಅಧ್ಯಕ್ಷತೆಯಲ್ಲಿ ಅಧಿವೇಶನ, ಧ್ವಜ ಸತ್ಯಾಗ್ರಹ. ಹಳ್ಳಿಹಳ್ಳಿಯಿಂದ ಜನ ಬಂದರು. ಅದೇ 25ಕ್ಕೆ ಗೌರಿಬಿದನೂರಿನ ವಿದುರಾಶ್ವತ್ಥದಲ್ಲಿ ಗೋಲಿಬಾರು ಆಯಿತು, ಹಳ್ಳಿಯ ಜನ ಸತ್ತರು. ಬೆಂಗಳೂರು ಮೈಸೂರಿನ ವಕೀಲರಷ್ಟೇ ಇದ್ದಿದ್ದರೆ ಆ ಜನಸಾಗರ ಸೇರ್ತಿರಲಿಲ್ಲ. 1947ರ ಮೈಸೂರು ಚಲೋ ನಂತರ ಅಕ್ಟೋಬರ್ 25ರಂದು ಮೊದಲ ಮುಖ್ಯಮಂತ್ರಿಯಾದವರು ಯಾರು? ಸಂಯುಕ್ತ ಪಕ್ಷದ ಕೆ.ಸಿ. ರೆಡ್ಡಿ. ಹಳೇ ಕಾಂಗ್ರೆಸ್ಸಿಗ ಕೆ.ಟಿ. ಭಾಷ್ಯಂ ಅವರ ಸಂಪುಟದಲ್ಲಿ ಒಬ್ಬ ಮಂತ್ರಿ. ನುಂಗಿಸಿಕೊಂಡವರೇ ನುಂಗಿದವರ ಯಜಮಾನರಾದರು.

ಕಥೆ ಇಲ್ಲಿಗೇ ನಿಲ್ಲಿಸಿದರೆ ಸುಖಾಂತ್ಯ. ಆದರೆ ಎಲ್ಲ ಷೇರುದಾರರೂ ಹೊಸ ಮನೆಗೆ ಬಂದರಾ ಅನ್ನೋದು ನಾವು ಮೊದಲು ಇಟ್ಟುಕೊಂಡ ಪ್ರಶ್ನೆ. 1917ರ ಛತ್ರಿ ಕೆಳಗಿದ್ದ ಮುಸ್ಲಿಮರು 1928ರಲ್ಲೇ ದೂರವಾಗಿದ್ದರು. ಸಂಖ್ಯೆ, ಭೂಮಿ, ಸಂಘ ಮೂರೂ ಇದ್ದ ಎರಡು ದೊಡ್ಡ ಸಮುದಾಯಗಳಿಗೆ ಕುರ್ಚಿ ಸಿಕ್ಕಿತು. ದಲಿತರು, ಕುಶಲಕರ್ಮಿ ಜಾತಿಗಳು, ಹಳ್ಳಿಗೆ ನಾಲ್ಕೇ ಮನೆ ಇದ್ದ ಸಣ್ಣ ಸಮುದಾಯಗಳು ಇವರ ಪಾಲೇನು ಅಂತ ಯಾರೂ ಬರೆದಿಡಲಿಲ್ಲ. 1947ರಿಂದ 1972ರವರೆಗಿನ ಮುಖ್ಯಮಂತ್ರಿಗಳ ಪಟ್ಟಿ ತೆಗೆದು ನೋಡಿ. ಎಲ್ಲರೂ ಒಕ್ಕಲಿಗ ಅಥವಾ ಲಿಂಗಾಯತ ಹಿನ್ನೆಲೆಯವರೇ. 1972ರಲ್ಲಿ ದೇವರಾಜ ಅರಸು ಬಂದು ಎಲ್.ಜಿ. ಹಾವನೂರ್ ಆಯೋಗ ಮಾಡಿ, 1975ರಲ್ಲಿ ವರದಿ ಬಂದಾಗಲೇ ಆ ಬಾಕಿ ಖಾತೆ ಮತ್ತೆ ತೆರೆದದ್ದು. ಮಿಲ್ಲರ್ ಸಮಿತಿಯಿಂದ ಲೆಕ್ಕ ಹಾಕಿದರೆ ಅರ್ಧ ಶತಮಾನಕ್ಕೂ ಹೆಚ್ಚು.

ಹಾಗಾದರೆ 1937ರಲ್ಲಿ ಸೇರಬಾರದಿತ್ತಾ? ನನಗೆ ಹಾಗನ್ನಿಸಲ್ಲ. ಸೇರದಿದ್ದರೆ ಜವಾಬ್ದಾರಿ ಸರ್ಕಾರದ ಹೋರಾಟ ಪಟ್ಟಣ ದಾಟೋದು ಕಷ್ಟವಿತ್ತು. ಆದರೆ 1917ರ ಜೋಡಣೆಗೂ 1937ರದಕ್ಕೂ ಇರುವ ಒಂದು ವ್ಯತ್ಯಾಸ ನೋಡಿ. ಮೊದಲನೆಯದರಲ್ಲಿ ಸಂಘಗಳು ಬದುಕಿದ್ದು, ದನಿ ಮಾತ್ರ ಒಂದಾಯಿತು. ಎರಡನೆಯದರಲ್ಲಿ ಸಂಘಟನೆಯೇ ಕರಗಿತು. ಕರಗಿದ ಮೇಲೂ ದೊಡ್ಡವರು ತಮ್ಮ ಸಂಖ್ಯೆಯಿಂದಲೇ ಎದ್ದು ನಿಂತರು. ಸಣ್ಣವರಿಗೆ ಆ ಅನುಕೂಲ ಇರಲಿಲ್ಲ.

ನಿಮ್ಮ ಯೂನಿಯನ್ನಿನಲ್ಲೋ, ಸಂಘದಲ್ಲೋ ವಿಲೀನದ ಠರಾವು ಬಂದರೆ, "ಒಟ್ಟು ಎಷ್ಟು ಜನ ಆಗ್ತೀವಿ" ಅನ್ನೋದನ್ನ ಕೊನೆಗೆ ಕೇಳಿ. ಕಾರ್ಯಕಾರಿ ಸಮಿತಿಯಲ್ಲಿ ಅತಿ ಸಣ್ಣ ಗುಂಪಿಗೆ ಎಷ್ಟು ಸ್ಥಾನ, ಅದು ಬೈಲಾದಲ್ಲಿ ಬರೆದಿದೆಯಾ ಅಂತ ಮೊದಲು ಕೇಳಿ.

ಮುಂದಿನ ಸಂಚಿಕೆಯಲ್ಲಿ ಮಿಲ್ಲರ್ ಸಮಿತಿಯ ಒಳಗಿನ ವಾದಗಳು. ನಿಮ್ಮ ಅಜ್ಜನೋ ಮುತ್ತಜ್ಜನೋ ಪ್ರಜಾಪ್ರತಿನಿಧಿ ಸಭೆಯಲ್ಲಿದ್ದರೆ, ಮನೆಯಲ್ಲಿ ಹಳೇ ಕಾಗದಪತ್ರ ಇದ್ದರೆ, ದಯವಿಟ್ಟು ಬರೆದು ತಿಳಿಸಿ.