ಕೇಳದೆ ಕೇಳಿಸುವ ಸಂಗೀತ

ಇಟಲಿಯ ಟ್ಯೂರಿನ್ ನಗರದ ಹಲ್ಲಿನ ಡಾಕ್ಟರೊಬ್ಬರು ತಮ್ಮ ಕ್ಲಿನಿಕ್ಕಿನಲ್ಲಿ ಸಣ್ಣಗೆ ಸಂಗೀತ ಹಾಕಿಡುತ್ತಿದ್ದರು. ಧ್ವನಿಮುದ್ರಣಗಳ ಹಕ್ಕುದಾರರ ಸಂಘ ಅದಕ್ಕೆ ದುಡ್ಡು ಕೇಳಿತು. ವ್ಯಾಜ್ಯ ಬೆಳೆದು ಯುರೋಪಿಯನ್ ಒಕ್ಕೂಟದ ನ್ಯಾಯಾಲಯ ಮುಟ್ಟಿತು. 2012ರ ಮಾರ್ಚ್ 15ರಂದು ಡಾಕ್ಟರು ಗೆದ್ದರು. ತೀರ್ಪಿನ ಕಾರಣಗಳು ಸ್ವಾರಸ್ಯವಾಗಿವೆ. ಒಂದು ಹೊತ್ತಿಗೆ ಅಲ್ಲಿ ಇರುವವರೇ ನಾಲ್ಕಾರು ಜನ. ಹಾಡು ಚೆನ್ನಾಗಿದೆಯೆಂದು ಯಾರೂ ಹಲ್ಲು ಕೀಳಿಸಿಕೊಳ್ಳಲು ಬರುವುದಿಲ್ಲ, ಆದ್ದರಿಂದ ಅದರಿಂದ ಡಾಕ್ಟರಿಗೆ ಲಾಭವಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ರೋಗಿ ಆ ಸಂಗೀತವನ್ನು ಆರಿಸಿಕೊಂಡವನಲ್ಲ. ಅದು ಅವನ ಕಿವಿಗೆ ಬಿದ್ದಿದೆ, ಅಷ್ಟೆ. ಅದೇ ದಿನ ಅದೇ ನ್ಯಾಯಾಲಯ, ಹೋಟೆಲ್ ಕೋಣೆಗಳಲ್ಲಿ ಹಾಡು ಕೇಳಿಸುವವರು ಹಣ ಕಟ್ಟಬೇಕು ಎಂದಿತ್ತು.

ಕನ್ನಡದ ‘ಕೇಳು’ ಎಂಬ ಒಂದೇ ಮಾತಿಗೆ ಎರಡು ಕೆಲಸ: ಕಿವಿಗೊಡುವುದು, ಪ್ರಶ್ನಿಸುವುದು. ಡಾಕ್ಟರ ಕ್ಲಿನಿಕ್ಕಿನ ಹೊರಕೋಣೆಯ ಸಂಗೀತದ ಕಥೆಯನ್ನು ಈ ಎರಡು ಅರ್ಥ ಹಿಡಿದು ಓದಬಹುದು. ಕೇಳಿಸುತ್ತಾರೆ, ಬೇಕೇ ಎಂದು ಕೇಳುವುದಿಲ್ಲ.

ಫ್ಲಾರೆನ್ಸ್ ನೈಟಿಂಗೇಲ್ 1859ರ ತಮ್ಮ ಶುಶ್ರೂಷೆಯ ಪುಸ್ತಕದಲ್ಲೇ ಈ ವಿಷಯ ಎತ್ತಿದ್ದರು. ಎಳೆದು ನಿಲ್ಲುವ ನಾದ, ಅಂದರೆ ಗಾಯನ, ಊದುವ ವಾದ್ಯ, ಕಮಾನಿನ ವಾದ್ಯ, ರೋಗಿಗೆ ಹಿತ. ಪಿಯಾನೋ ಹಾಗಲ್ಲ ಎಂಬುದು ಅವರ ಅನುಭವ. ಅನಗತ್ಯ ಸದ್ದಿನ ಮೇಲೆ ಅವರಿಗಿದ್ದ ಸಿಟ್ಟು ಇನ್ನೂ ದೊಡ್ಡದು. 1914ರಲ್ಲಿ ಅಮೆರಿಕದ ಶಸ್ತ್ರವೈದ್ಯ ಇವಾನ್ ಕೇನ್ ಆಪರೇಷನ್ ಕೋಣೆಯಲ್ಲಿ ಫೋನೋಗ್ರಾಫ್ ಇಟ್ಟದ್ದನ್ನು ವೈದ್ಯ ಪತ್ರಿಕೆಯಲ್ಲಿ ಬರೆದರು. ಇವೆರಡೂ ಮಲಗಿದ ರೋಗಿಯ ಮಾತು. ಕುರ್ಚಿಯಲ್ಲಿ ಕಾಯುತ್ತ ಕೂತವರ ಸಂಗೀತ ಬೇರೆ ದಾರಿಯಿಂದ ಬಂತು.

ಫ್ರಾನ್ಸಿನ ಎರಿಕ್ ಸಾಟಿ ‘ಪೀಠೋಪಕರಣ ಸಂಗೀತ’ ಎಂಬ ಕಲ್ಪನೆ ಮಾಡಿದ: ಕುರ್ಚಿ ಮೇಜಿನ ಹಾಗೆ ಸುಮ್ಮನೆ ಇರಬೇಕು, ಯಾರೂ ಗಮನಿಸಬಾರದು. 1920ರಲ್ಲಿ ಪ್ಯಾರಿಸ್ಸಿನಲ್ಲಿ ನಾಟಕದ ವಿರಾಮದಲ್ಲಿ ಅದನ್ನು ನುಡಿಸಿದಾಗ ಸಭಿಕರು ಶಿಸ್ತಾಗಿ ಮೌನವಾಗಿ ಕೇಳತೊಡಗಿದರು. ‘ಮಾತಾಡಿ, ಓಡಾಡಿ’ ಎಂದು ಸಾಟಿಯೇ ಕೂಗಾಡಬೇಕಾಯಿತು! ಅಮೆರಿಕದಲ್ಲಿ ಅದೇ ಕಲ್ಪನೆ ವ್ಯಾಪಾರವಾಯಿತು. ಸೇನಾಧಿಕಾರಿ ಜಾರ್ಜ್ ಸ್ಕ್ವೈರ್ ತಂತಿಯ ಮೂಲಕ ಸಂಗೀತ ಹರಿಸುವ ವ್ಯವಸ್ಥೆ ಕಟ್ಟಿದ. 1934ರಲ್ಲಿ ಅದಕ್ಕೆ ‘ಮ್ಯೂಸಿಕ್’ ಮತ್ತು ‘ಕೊಡ್ಯಾಕ್’ ಬೆಸೆದು ‘ಮ್ಯೂಝ್ಯಾಕ್’ ಎಂದು ಹೆಸರಿಟ್ಟ. ಮುಂದೆ ಆ ಕಂಪನಿ 15 ನಿಮಿಷಗಳ ಕಂತು ಮಾಡಿ, ಕಂತಿನೊಳಗೆ ಹುರುಪು ಮೆಲ್ಲಗೆ ಏರಿಸಿ, ನಡುವೆ ಮೌನ ಇಡುತ್ತಿತ್ತು. ಅದು ಕೆಲಸಗಾರರನ್ನು ಚುರುಕಾಗಿಸುವ ಲೆಕ್ಕಾಚಾರ. ಅದೇ ಸರಕು ಕ್ಲಿನಿಕ್ಕಿಗೆ ಹೋದಾಗ ಉದ್ದೇಶ ತಲೆಕೆಳಗಾಗಿ, ಚುರುಕು ಹೋಗಿ ಜೋಗುಳವಾಯಿತು.

ಈ ಚರಿತ್ರೆಯಲ್ಲಿ ನನಗೆ ತುಂಬ ಹಿಡಿಸಿದ ಪ್ರಯೋಗ 1959–60ರದು. ದಂತವೈದ್ಯ ವ್ಯಾಲೇಸ್ ಗಾರ್ಡ್ನರ್ ಮತ್ತು ಮನೋವಿಜ್ಞಾನಿ ಲಿಕ್‌ಲೈಡರ್ (ಇಂಟರ್‌ನೆಟ್ಟಿನ ಹಿಂದಿನ ಕನಸುಗಾರ, ಅದೇ ಮನುಷ್ಯ) ರೋಗಿಯ ಕಿವಿಗೆ ಹೆಡ್‌ಫೋನ್ ಹಾಕಿ ಗುಂಡಿಯನ್ನು ಅವನ ಕೈಗೇ ಕೊಟ್ಟರು. ಹೆದರಿಕೆಗೆ ಸಂಗೀತ, ನೋವು ಬಂದರೆ ಜಲಪಾತದಂಥ ಭೋರ್ಗರೆತ, ಬೇಕಾದಷ್ಟು. ಕೆಲಕಾಲ ಹೆಸರಾಗಿ ಮಂಕಾದ ವಿಧಾನ ಅದು. ಆದರೂ ಗುಂಡಿ ರೋಗಿಯ ಕೈಯಲ್ಲಿತ್ತು ಎಂಬುದನ್ನು ಮರೆಯಬಾರದು.

ಸಂಶೋಧನೆ ಏನನ್ನುತ್ತದೆ? 1997ರಲ್ಲಿ ರೌಥಿಯೋ ಮತ್ತು ಟಾನ್ಸಿಕ್, ಆಸ್ಪತ್ರೆಯಲ್ಲಿ ಕಾಯುವವರ ಒತ್ತಡವನ್ನು ಸಂಗೀತ ತಗ್ಗಿಸುತ್ತದೆ ಎಂದರು. 2013ರ ಕಾಕ್ರೇನ್ ಸಂಸ್ಥೆಯ ವಿಮರ್ಶೆ ಶಸ್ತ್ರಕ್ರಿಯೆಗೆ ಮುಂಚಿನ ಆತಂಕದ ಮೇಲಿನ 26 ಪ್ರಯೋಗಗಳನ್ನು ಒಟ್ಟುಮಾಡಿ ಸಂಗೀತದ ಪರವಾಗಿಯೇ ಮಾತಾಡಿತು. ಆದರೆ ಹೆಡ್‌ಫೋನಿನಲ್ಲಿ, ಪಟ್ಟಿಯಿಂದ ಆರಿಸಿ ಕೇಳಿದವರ ಫಲಿತಾಂಶವನ್ನು ತಂದು ಗೋಡೆಯ ಸ್ಪೀಕರಿಗೆ ಅಂಟಿಸುವುದು ನನಗೆ ಒಪ್ಪಿಗೆಯಿಲ್ಲ. ನಮ್ಮಲ್ಲಿ ಬೀಪಿಗೆ ಈ ರಾಗ, ಶುಗರಿಗೆ ಆ ರಾಗ ಎಂದು ಮಾರುವವರದಂತೂ ಇನ್ನೂ ಉದ್ದದ ಜಿಗಿತ. ಹಿತವಾದ ಹಾಡಿದ್ದರೆ ಹೊತ್ತು ಹೋದದ್ದೇ ತಿಳಿಯುವುದಿಲ್ಲ ಎನ್ನುತ್ತೇವಲ್ಲ, 1992ರಲ್ಲಿ ಕೆಲ್ಲಾರಿಸ್ ಮತ್ತು ಕೆಂಟ್ ಪರೀಕ್ಷಿಸಿದಾಗ ಉಲ್ಲಾಸದ ಸ್ವರಶ್ರೇಣಿ ಕೇಳಿದವರಿಗೇ ಹೊತ್ತು ಹೆಚ್ಚು ಉದ್ದ ಅನ್ನಿಸಿತ್ತು. ಟೀವಿಯ ಕಥೆಯೂ ಹಾಗೇ: ರೋಜರ್ ಉಲ್ರಿಕ್ ತಂಡ 2003ರಲ್ಲಿ ರಕ್ತದಾನಿಗಳನ್ನು ಗಮನಿಸಿದಾಗ, ಟೀವಿ ಆಫ್ ಮಾಡಿದ್ದ ದಿನಗಳಲ್ಲೇ ಅವರು ಹೆಚ್ಚು ನಿರಾಳವಾಗಿದ್ದರು. ಬ್ರಿಯಾನ್ ಈನೋ, 1978ರಲ್ಲಿ ವಿಮಾನ ನಿಲ್ದಾಣಗಳಿಗೆಂದು ಆಲ್ಬಮ್ ಮಾಡಿದಾತ, 2013ರಲ್ಲಿ ಇಂಗ್ಲೆಂಡಿನ ಹೋವ್‌ನ ಮಾಂಟಿಫಿಯೋರ್ ಆಸ್ಪತ್ರೆಗೆ ಒಂದು ‘ಶಾಂತ ಕೋಣೆ’ಯನ್ನೇ ರೂಪಿಸಿಕೊಟ್ಟ. ಬೇಕಾದವರು ಹೋಗಿ ಕೂರಬಹುದು; ಇಷ್ಟು ಸರಳ ಉಪಾಯ ಹೊಳೆಯಲು ಅಷ್ಟು ವರ್ಷ ಹಿಡಿಯಿತು.

ಇಷ್ಟಾದರೂ ಸ್ಪೀಕರಿನ ಪರವಾಗಿ ಒಂದು ಗಟ್ಟಿ ವಾದವಿದೆ, ಅದು ಶಾಂತಿಯದಲ್ಲ, ಮರೆಯದು. ನಮ್ಮ ಸಣ್ಣ ಕ್ಲಿನಿಕ್ಕುಗಳಲ್ಲಿ ಡಾಕ್ಟರಿಗೂ ಬೆಂಚಿಗೂ ನಡುವೆ ಇರುವುದು ಒಂದು ಪ್ಲೈವುಡ್ ಹಲಗೆ. ‘ಮೋಷನ್ ಸರಿಯಾಗಿ ಆಗ್ತಿದೆಯೇನಮ್ಮಾ?’ ಎಂಬ ಪ್ರಶ್ನೆ ಒಳಗಿನಿಂದ ಬಂದರೆ ಹೊರಗಿನ ಹನ್ನೆರಡು ಜನ ಒಟ್ಟಿಗೆ ನೆಲ ನೋಡುತ್ತಾರೆ. ಉತ್ತರ ಮಾತ್ರ ಕೇಳಿಸದಂತೆ ಮಾಡುವಷ್ಟು ಸಂಗೀತ ಸಾಕು. ಮಾತನ್ನು ಮುಚ್ಚುವ ಈ ಕೆಲಸಕ್ಕೆ ವಿದೇಶಗಳಲ್ಲಿ ಬರೀ ‘ಸುಂಯ್’ ಎನ್ನುವ ಸದ್ದನ್ನೂ ಬಳಸುತ್ತಾರೆ.

ಮರೆಗೂ ಬೆಲೆ ಇದೆ. ಹೋದ ವರ್ಷ ಮಂಡಿನೋವಿಗೆ ತೋರಿಸಲು ಹೋಗಿದ್ದೆ, ಟೋಕನ್ 19. ತಲೆಯ ಮೇಲೇ ಸ್ಪೀಕರು, ಕೊಳಲು. ಪಕ್ಕದ ಹುಡುಗನ ಮೊಬೈಲಿನಲ್ಲಿ ರೀಲ್ಸು. 22ನೆಯವರು ಒಳಗೆ ಹೋದದ್ದು ಕಂಡು ಎದ್ದು ವಿಚಾರಿಸಿದೆ. ‘ಮೂರು ಸಲ ಕೂಗಿದೆನಲ್ಲ ಸಾರ್, ಕೇಳಿಸಲಿಲ್ಲವಾ?’ ಎಂದ ಕಾಂಪೌಂಡರ್, ಮೇಜಿನ ಮೇಲಿದ್ದ ರಿಮೋಟನ್ನು ಡ್ರಾಯರಿಗೆ ಹಾಕುತ್ತ.