ಆತಕೂರಿನ ಕಲ್ಲೂ ಅದರ ಪಾಲಕರೂ

ಪ್ರಾಚೀನ ವಸ್ತುಗಳನ್ನು ಕೂಡಿಸುವುದು ಒಂದು ಕಾರ್ಯ. ಅವುಗಳನ್ನು ಪಾಲಿಸುವುದು ಬೇರೊಂದು. ಮೊದಲನೆಯದಕ್ಕೆ ಹಣವೂ ಅಧಿಕಾರವೂ ಸಾಕಾಗಬಹುದು. ಎರಡನೆಯದಕ್ಕೆ ತಲೆಮಾರುಗಳವರೆಗೂ ತಪ್ಪದ ನಿಷ್ಠೆ ಬೇಕು. ವಸ್ತುಸಂಗ್ರಹಾಲಯಗಳಲ್ಲಿ ಕ್ಯುರೇಟರೆಂದು ಕರೆಯಿಸಿಕೊಳ್ಳುವ ಸಂಗ್ರಹಪಾಲಕನ ಉದ್ಯೋಗವು ಈ ಎರಡನೆಯ ಬಗೆಯದು. ಇದರ ಮರ್ಮವನ್ನು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಸೇರಿದ ಒಂದು ಶಿಲೆಯಿಂದಲೇ ತಿಳಿಯಬಹುದು.

ಆ ಶಿಲೆಯು ಮಂಡ್ಯ ಜಿಲ್ಲೆಯ ಆತಕೂರಿನದು. ಅದರ ಶಾಸನದ ಕಾಲ ಶಕವರ್ಷ 872, ಎಂದರೆ ಕ್ರಿ.ಶ. 949-50. ರಾಷ್ಟ್ರಕೂಟ ಚಕ್ರವರ್ತಿ ಮೂರನೆಯ ಕೃಷ್ಣನು ಚೋಳರ ಮೇಲೆ ದಂಡೆತ್ತಿದಾಗ, ಅವನ ಪಕ್ಷದಲ್ಲಿದ್ದ ಗಂಗರ ಇಮ್ಮಡಿ ಬೂತುಗನು ತಕ್ಕೋಲದ ಕಾಳಗದಲ್ಲಿ ಚೋಳ ರಾಜಾದಿತ್ಯನನ್ನು ಕೊಂದನು. ಬೂತುಗನ ಸೇವಕನಾದ ಮಣಲೇರನು ಸ್ವಾಮಿಯ ಮೆಚ್ಚುಗೆಗೆ ಪಾತ್ರನಾಗಿ, ಬೇಡಿದ್ದನ್ನು ಕೊಡುವೆನೆಂದಾಗ, ಕಾಳಿಯೆಂಬ ಬೇಟೆನಾಯಿಯನ್ನೇ ಬೇಡಿ ಪಡೆದನು. ಆ ನಾಯಿಯು ಒಂದು ದೊಡ್ಡ ಹಂದಿಯೊಡನೆ ಹೋರಾಡಿತು; ಎರಡೂ ಅಲ್ಲಿಯೇ ಸತ್ತುವು. ಮಣಲೇರನು ಚಲ್ಲೇಶ್ವರನ ಗುಡಿಯ ಮುಂದೆ ಈ ಕಲ್ಲನ್ನು ನಿಲ್ಲಿಸಿ, ಅದಕ್ಕೆ ಭೂಮಿಯನ್ನೂ ಬಿಟ್ಟನು. ನಾಯಿಯೂ ಹಂದಿಯೂ ಕಾದಾಡುವ ಚಿತ್ರವು ಶಿಲೆಯ ಮೇಲೆ ಇಂದಿಗೂ ಕಾಣುತ್ತದೆ.

ಚರಿತ್ರೆಕಾರರು ತಕ್ಕೋಲದ ಯುದ್ಧಕ್ಕಾಗಿ ಈ ಶಾಸನವನ್ನು ಆದರಿಸುವರು. ಆದರೆ ಅದರೊಳಗಿನ ಇನ್ನೊಂದು ಮಾತು ವಿಶೇಷವಾಗಿ ಗಮನಿಸತಕ್ಕದ್ದು. ಆ ಸ್ಥಾನವನ್ನು ಆಳುವ ಗೊರವನು, ಅಂದರೆ ಶೈವ ಪೂಜಾರಿಯು, ಈ ಕಲ್ಲನ್ನು ಪೂಜಿಸದೆ ಉಂಡರೆ ಪಾಪಕ್ಕೆ ಗುರಿಯಾಗುವನೆಂದು ಅಲ್ಲಿ ವಿಧಿಸಿದೆ. ಕಲ್ಲನ್ನು ನೆಟ್ಟವನಿಗೆ ಅದು ತನ್ನಷ್ಟಕ್ಕೆ ತಾನೇ ಉಳಿಯದೆಂಬ ಅರಿವು ಇದ್ದಿತು. ಆದುದರಿಂದ ಪಾಲಕನೊಬ್ಬನನ್ನು ಗೊತ್ತುಮಾಡಿ, ಅವನಿಗೆ ಜೀವನವನ್ನು ಒದಗಿಸಿ, ನಿತ್ಯಕರ್ತವ್ಯವನ್ನೂ ಹೊರಿಸಿದನು.

ಕಾಲಕ್ರಮದಲ್ಲಿ ಕಲ್ಲು ಊರನ್ನು ಬಿಟ್ಟು ಬೆಂಗಳೂರಿಗೆ ಬಂದಿತು. ಅಲ್ಲಿಯ ಸಂಗ್ರಹಾಲಯವು 1865ರಲ್ಲಿ ಸ್ಥಾಪಿತವಾದುದು. 1851ರಲ್ಲಿ ಮದರಾಸಿನ ಸಂಗ್ರಹಾಲಯವನ್ನು ಮೊದಲುಮಾಡಿದ ವೈದ್ಯ ಎಡ್ವರ್ಡ್ ಬಾಲ್ಫರನೇ ಇದಕ್ಕೂ ಮಾರ್ಗದರ್ಶಕನು. 1877ರಲ್ಲಿ ಇದಕ್ಕೆ ಸ್ವಂತ ಕಟ್ಟಡವಾಯಿತು. ಗುಡಿಯ ಮುಂದಿನ ಕಲ್ಲು ಇಂಥ ಮನೆಯನ್ನು ಸೇರಿದಾಗ ಪೂಜೆ ನಿಲ್ಲುತ್ತದೆ. ಅದರ ಸ್ಥಾನದಲ್ಲಿ ನಿಲ್ಲಬೇಕಾದುದು ದಾಖಲೆ ಪುಸ್ತಕ.

ಸಂಗ್ರಹಪಾಲಕನು ಬಂದ ವಸ್ತುವಿಗೆ ಒಂದು ಸಂಖ್ಯೆಯನ್ನು ಕೊಟ್ಟು, ಅದನ್ನು ವಸ್ತುವಿನ ಮೇಲೂ ಪುಸ್ತಕದಲ್ಲಿಯೂ ಬರೆಯುವನು. ದೊರೆತ ಸ್ಥಳ, ಬಂದ ದಿನ, ಕೊಟ್ಟವರ ಹೆಸರು, ಅಳತೆ, ಆಗಲೇ ಇದ್ದ ಬಿರುಕು ಮುಕ್ಕುಗಳು, ಇವೆಲ್ಲವೂ ಬರಹಕ್ಕೆ ಸೇರಬೇಕು. ಶಾಸನವಾದರೆ ಒದ್ದೆ ಕಾಗದವನ್ನು ಅಕ್ಷರಗಳೊಳಕ್ಕೆ ಕೂರುವಂತೆ ಒತ್ತಿ, ಮಸಿಯನ್ನು ತಟ್ಟಿ, ಅಚ್ಚು ತೆಗೆದಿಡಬೇಕು. ನೋಡಲು ಬಂದವರಿಗೆ ಈ ಕೆಲಸವೊಂದೂ ಕಾಣದು.

ಇದು ತಪ್ಪಿದರೆ ಆಗುವ ನಷ್ಟಕ್ಕೆ ಆಂಧ್ರದೇಶದ ಅಮರಾವತಿಯ ಬೌದ್ಧಸ್ತೂಪವೇ ನಿದರ್ಶನ. 1845ರಲ್ಲಿ ವಾಲ್ಟರ್ ಎಲಿಯಟ್ಟನು ಅಲ್ಲಿ ಅಗೆಯಿಸಿದ ಶಿಲ್ಪಗಳು ಮದರಾಸಿಗೆ ಬಂದುವು. 1859ರಲ್ಲಿ ಅವುಗಳಲ್ಲಿ ಬಹುಭಾಗವನ್ನು ಲಂಡನ್ನಿಗೆ ಸಾಗಿಸಿದರು. ಯಾವ ಕಲ್ಲು ಸ್ತೂಪದ ಯಾವ ಎಡೆಯಲ್ಲಿ ಇದ್ದಿತೆಂಬ ಪೂರ್ಣ ಲೆಕ್ಕ ಉಳಿಯಲಿಲ್ಲ. ಶಿಲ್ಪಗಳು ಉಳಿದುವು, ಅವುಗಳ ಕ್ರಮ ಅಳಿಯಿತು. ಸ್ತೂಪದ ಮೂಲಸ್ವರೂಪವನ್ನು ವಿದ್ವಾಂಸರು ಊಹೆಯಿಂದ ಕಟ್ಟಿಕೊಳ್ಳಬೇಕಾಯಿತು.

ಆತಕೂರಿನ ಕಲ್ಲಿಗೆ ಈ ಗತಿ ಬರಲಿಲ್ಲ. ಅದರ ಊರೂ ಗುಡಿಯೂ ಇಂದಿಗೂ ಅದರ ಹೆಸರಿನೊಡನೆ ಬರುತ್ತವೆ. ಸಂಗ್ರಹಪಾಲಕನಿಗೆ ಗೊರವನಂತೆ ಪಾಪದ ಭಯವನ್ನು ಯಾರೂ ವಿಧಿಸಿಲ್ಲ. ಆದರೆ ಹೊತ್ತ ಹೊಣೆ ಒಂದೇ. ಮಣಲೇರನು ಗೊರವನಿಗೆ ಭೂಮಿಯನ್ನು ಬಿಟ್ಟಂತೆ, ಸಂಗ್ರಹಪಾಲಕನಿಗೂ ಅನ್ನವನ್ನೂ ಅವಕಾಶವನ್ನೂ ಒದಗಿಸುವುದು ನಾಡಿನವರ ಕರ್ತವ್ಯ.